‘ಹೈದರ್’ ನೋಡಿ ಸಿಟ್ಟಾದವರಿಗೂ, ನಿದ್ದೆ ಹೋದವರಿಗೂ

ಹೋದ ಸಂಚಿಕೆಯಲ್ಲಿ ತೀರ್ಥಹಳ್ಳಿಯ ಓದುಗರೊಬ್ಬರು, ‘ಶೇಕ್ಸ್‌ಪಿಯರನ ದುರಂತ ನಾಟಕಗಳಲ್ಲಿ ಹಿಂದಿ ಸಿನಿಮಾದವರ ಕೈಗೆ ಸರಿಯಾಗಿ ಒಗ್ಗಿದ್ದು ಯಾವುದು?’ ಎಂದು ಕೇಳಿದ್ದರು. ‘ಹ್ಯಾಮ್ಲೆಟ್. ವಿಶಾಲ್ ಭಾರದ್ವಾಜರ ಹೈದರ್ ನೋಡಿ’ ಎಂದು ಒಂದೇ ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಜನ ನಿಜವಾಗಿಯೂ ನೋಡಿಬಿಟ್ಟಿದ್ದಾರೆ. ಸುಮ್ಮನೆ ನೋಡಿಲ್ಲ, ಬರೆದೂ ಬರೆದಿದ್ದಾರೆ. ಸಂಪಾದಕರು ಕಾಗದದ ಕಟ್ಟನ್ನು ಮುಂದಿಟ್ಟು, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೂ ಪ್ರಿಂಟು ತೆಗೆಸಿ ಅದರ ಮೇಲೆ ಹೇರಿ, ‘ಈ ಸಲ ಇದೇ ಆಗಲಿ ಮೇಷ್ಟ್ರೆ’ ಅಂದರು. ವ್ಯಾಕರಣ, ಅಡಿಕೆ ಕೊಳೆರೋಗ, ಅಳಿಯನ ಕಾಟ ಇತ್ಯಾದಿ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಬೇಕು.

ಸಿನಿಮಾ ನೋಡದವರಿಗೆ ಎರಡು ಮಾತು. 1995ರ ಕಾಶ್ಮೀರ. ಅಲೀಗಢದಲ್ಲಿ ಓದುತ್ತಿದ್ದ ಹೈದರ್ (ಶಾಹಿದ್ ಕಪೂರ್) ಊರಿಗೆ ಮರಳುತ್ತಾನೆ. ಡಾಕ್ಟರಾಗಿದ್ದ ಅಪ್ಪ ಒಬ್ಬ ಉಗ್ರಗಾಮಿಗೆ ಮನೆಯಲ್ಲೇ ಆಪರೇಷನ್ ಮಾಡಿದ್ದಕ್ಕೆ ಸೇನೆ ಅವರನ್ನು ಹಿಡಿದೊಯ್ದಿದೆ, ಮನೆ ನೆಲಸಮ. ಅಮ್ಮ ಗಝಾಲಾ (ತಬು) ಚಿಕ್ಕಪ್ಪ ಖುರ್ರಂನ (ಕೆ.ಕೆ. ಮೆನನ್) ಮನೆಯಲ್ಲಿ ನಗುತ್ತ ಕೂತಿದ್ದಾಳೆ. ಅಲ್ಲಿಂದ ಮುಂದೆ ಹ್ಯಾಮ್ಲೆಟ್ ಓದಿದವರಿಗೆ ಗೊತ್ತೇ ಇದೆ. ಓದದವರಿಗೆ: ನನ್ನನ್ನು ಕೊಂದು, ನಿನ್ನ ಅಮ್ಮನನ್ನು ಮದುವೆಯಾಗಿ ರಾಜನಾದ ಚಿಕ್ಕಪ್ಪನ ಮೇಲೆ ಸೇಡು ತೀರಿಸು ಎಂದು ಡೆನ್ಮಾರ್ಕಿನ ರಾಜಕುಮಾರ ಹ್ಯಾಮ್ಲೆಟ್ಟನಿಗೆ ಅಪ್ಪನ ಭೂತ ಹೇಳುತ್ತದೆ.

ಗೃಹಿಣಿ, ಶಿರಸಿ
ಪ್ರ: ಮೇಷ್ಟ್ರೆ, ನಿಮ್ಮ ಮಾತು ನಂಬಿ ಮನೆಮಂದಿಯೆಲ್ಲ ಕೂತು ನೋಡಿದ್ವಿ. ನಮ್ಮೆಜಮಾನ್ರು ಅರ್ಧಕ್ಕೇ ಗೊರಕೆ. ಅಪ್ಪನ ಸಾವಿಗೆ ಚಿಕ್ಕಪ್ಪನೇ ಕಾರಣ ಅಂತ ಗೊತ್ತಾಯ್ತು, ಕೈಗೆ ಪಿಸ್ತೂಲೂ ಬಂತು. ಆಮೇಲೂ ಆ ಹುಡುಗ ಅಷ್ಟು ಹೊತ್ತು ಎಳೀತಾನಲ್ಲ, ಯಾಕೆ?

ಉ: ಅಮ್ಮಾ, ನಿಮ್ಮ ಪ್ರಶ್ನೆಗೆ ನಾನೂರು ವರ್ಷ ವಯಸ್ಸಾಗಿದೆ. ಶೇಕ್ಸ್‌ಪಿಯರ್ ತನ್ನ ಹ್ಯಾಮ್ಲೆಟ್ ಬರೆಯುವ ಮೊದಲೇ ಲಂಡನ್ನಿನಲ್ಲಿ ಇನ್ನೊಂದು ಹ್ಯಾಮ್ಲೆಟ್ ನಾಟಕ ಓಡಿತ್ತು. ಅದರ ಪಠ್ಯ ಈಗ ಇಲ್ಲ. ಥಾಮಸ್ ಲಾಜ್ ಎಂಬ ಲೇಖಕ 1596ರಲ್ಲಿ ಅದನ್ನು ಆಡಿಕೊಂಡದ್ದು ಮಾತ್ರ ಉಳಿದಿದೆ: ಅದರಲ್ಲಿನ ಭೂತ ಸಿಂಪಿ ಮಾರುವ ಹೆಂಗಸಿನ ಹಾಗೆ ‘ಹ್ಯಾಮ್ಲೆಟ್, ಸೇಡು ತೀರಿಸು!’ ಎಂದು ಅರಚುತ್ತಿತ್ತಂತೆ. ಅಂದರೆ 1600ರ ಹೊತ್ತಿಗೆ ಹೊಸ ಹ್ಯಾಮ್ಲೆಟ್ ನೋಡಲು ಹೋದ ಲಂಡನ್ನಿನ ಮಂದಿಗೆ ಕತೆ ಗೊತ್ತು, ಭೂತ ಗೊತ್ತು, ಸೇಡು ತೀರುತ್ತದೆ ಎಂಬುದೂ ಗೊತ್ತು. ಈ ನಾಟಕದ ಹುಡುಗ ಕತ್ತಿ ಹಿರಿಯುವ ಬದಲು ಯೋಚನೆ ಮಾಡುತ್ತ ಕೂತ. ಅಲ್ಲಿ ನೆಲದ ಮೇಲೆ ಒಂದು ಪೆನ್ನಿ ಕೊಟ್ಟು ನಿಂತವರಲ್ಲೂ ನಿಮ್ಮ ಯಜಮಾನರಂಥವರು ಇದ್ದೇ ಇದ್ದಿರಬೇಕು.

ನಾನು ಬಿಎ ತರಗತಿಗೆ ಈ ನಾಟಕ ಪಾಠ ಮಾಡುವಾಗ, ಖಳ ರಾಜ ಬೆನ್ನು ಹಾಕಿ ಪ್ರಾರ್ಥನೆಗೆ ಕೂತ ದೃಶ್ಯ ಬಂದೊಡನೆ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತಿತ್ತು: ‘ಸಾರ್, ಅಲ್ಲೇ ಒಂದು ಬಿಟ್ಟಿದ್ರೆ ಪೋರ್ಶನ್ನೂ ಮುಗೀತಿತ್ತಲ್ಲ?’ ಪ್ರತಿ ಬ್ಯಾಚಿನಲ್ಲೂ ಒಬ್ಬ. ಪ್ರಾರ್ಥನೆಯಲ್ಲಿದ್ದವನನ್ನು ಕೊಂದರೆ ಸೀದಾ ಸ್ವರ್ಗಕ್ಕೆ ಹೋಗಿಬಿಡುತ್ತಾನೆ ಅನ್ನುವುದು ಹ್ಯಾಮ್ಲೆಟ್ ಕೊಡುವ ನೆಪ. ಅದು ನೆಪವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಹೈದರ್‌ನಲ್ಲೂ ಪ್ರಾರ್ಥನೆಯಲ್ಲಿರುವ ಖುರ್ರಂನ ಬೆನ್ನಿಗೆ ಪಿಸ್ತೂಲು ಬರುತ್ತದೆ, ಇಳಿಯುತ್ತದೆ. ಕೊಲ್ಲಬಲ್ಲವನು ಕೊಲ್ಲದೆ ನಿಂತಾಗ ಅವನ ತಲೆಯೊಳಗೆ ಏನು ನಡೆಯುತ್ತದೆ ಅನ್ನುವುದೇ ಈ ನಾಟಕದ ಕತೆ.

ಇನ್ನು ನಿಮ್ಮವರು ಗೊರಕೆಯಲ್ಲಿ ಕಳೆದುಕೊಂಡ ಒಂದು ದೃಶ್ಯ ಹೇಳುತ್ತೇನೆ. ಒಬ್ಬ ಮನುಷ್ಯ ತನ್ನದೇ ಮನೆಯ ಬಾಗಿಲ ಮುಂದೆ ನಿಂತಿದ್ದಾನೆ. ಬಾಗಿಲು ತೆರೆದಿದೆ. ಹೆಂಡತಿ ಒಳಗೆ ಬಾ ಅಂತ ಅಂಗಲಾಚುತ್ತಾಳೆ. ಅವನು ಕದಲುವುದಿಲ್ಲ. ಆಗ ಒಬ್ಬಾತ ಬಂದು ಗದರಿಸಿ, ಗುರುತಿನ ಚೀಟಿ ಕೇಳಿ, ಕೈ ಮೇಲೆತ್ತಿಸಿ ಮೈ ತಡವುತ್ತಾನೆ. ತಡವಿದ್ದೇ ತಡ, ಅವನು ನೆಮ್ಮದಿಯಾಗಿ ಒಳಗೆ ಹೋಗುತ್ತಾನೆ. ತಪಾಸಣೆ ಮಾಡಿಸಿಕೊಳ್ಳದೆ ಹೊಸ್ತಿಲು ದಾಟುವುದೇ ಅವನಿಗೆ ಮರೆತುಹೋಗಿದೆ. ಇದು ಹ್ಯಾಮ್ಲೆಟ್‌ನಲ್ಲಿ ಇಲ್ಲ. ಕಾಶ್ಮೀರಿ ಕತೆಗಾರ ಅಖ್ತರ್ ಮೊಹಿಯುದ್ದೀನರ ಸಣ್ಣಕತೆಯಿಂದ ಬಂದದ್ದು. ಆ ಮನುಷ್ಯನಾಗಿ ನಿಂತವರು ಚಿತ್ರಕತೆಗೆ ಕೈಜೋಡಿಸಿದ ಪತ್ರಕರ್ತ ಬಶಾರತ್ ಪೀರ್. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ನಾನು ನೋಡುವಾಗ ಈ ದೃಶ್ಯಕ್ಕೆ ಮೊದಲು ನಾಲ್ಕು ಜನ ನಕ್ಕರು. ಮೈ ತಡವಿಸಿಕೊಂಡು ಅವನು ಒಳಗೆ ಹೋದಾಗ ನಗು ಅರ್ಧಕ್ಕೇ ನಿಂತಿತು. ಯಜಮಾನರನ್ನು ಎಬ್ಬಿಸಿ ಅದೊಂದನ್ನಾದರೂ ತೋರಿಸಿ.

ನಿವೃತ್ತ ಸುಬೇದಾರ್, ಮಡಿಕೇರಿ
ಪ್ರ: ನಾನು ಕುಪ್ವಾರದಲ್ಲಿ ಇದ್ದವನು. ನನ್ನ ಪಕ್ಕದಲ್ಲೇ ಹುಡುಗರು ಸತ್ತಿದ್ದಾರೆ. ಈ ಸಿನಿಮಾ ಸೇನೆಯನ್ನು ರಾಕ್ಷಸರ ಹಾಗೆ ತೋರಿಸುತ್ತದೆ. ಇದನ್ನು ಓದುಗರಿಗೆ ಶಿಫಾರಸು ಮಾಡಲು ನಿಮಗೆ ಹೇಗೆ ಮನಸ್ಸು ಬಂತು?

ಉ: ಸುಬೇದಾರ್ ಸಾಹೇಬರೆ, ಕುಪ್ವಾರದಲ್ಲಿ ಇದ್ದವರ ಮುಂದೆ ಕಾಶ್ಮೀರದ ಬಗ್ಗೆ ಉಪನ್ಯಾಸ ಕೊಡುವಷ್ಟು ಧೈರ್ಯ ನನಗಿಲ್ಲ. ಸಿನಿಮಾದ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಿಮ್ಮ ಸಿಟ್ಟು ಒಬ್ಬರದಲ್ಲ. 2014ರ ಅಕ್ಟೋಬರ್ 2ರಂದು ಹೈದರ್ ಬಿಡುಗಡೆಯಾದಾಗ ಟ್ವಿಟರಿನಲ್ಲಿ ಅದನ್ನು ಬಹಿಷ್ಕರಿಸಿ ಎಂಬ ಕೂಗು ಎದ್ದಿತು. ಎದುರಿಗೆ ‘ಇದೇ ನಿಜವಾದ ಸಿನಿಮಾ’ ಎಂಬ ಇನ್ನೊಂದು ಕೂಗು. ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠದವರೆಗೆ ಅರ್ಜಿ ಹೋಯಿತು. ತಮಾಷೆ ಏನೆಂದರೆ ಗಡಿಯಾಚೆ ಪಾಕಿಸ್ತಾನದಲ್ಲೂ ಇದಕ್ಕೆ ಅನುಮತಿ ಸಿಗಲಿಲ್ಲ. ಇತ್ತ ಕಾಶ್ಮೀರ ಕಣಿವೆಯಲ್ಲಿ ಆಗ ನಡೆಯುತ್ತಿದ್ದ ಚಿತ್ರಮಂದಿರವೇ ಇರಲಿಲ್ಲ. 1990ರ ಆಸುಪಾಸಿನಲ್ಲಿ ಮುಚ್ಚಿದ್ದವು, ಶ್ರೀನಗರದಲ್ಲಿ ಮಲ್ಟಿಪ್ಲೆಕ್ಸ್ ಬಾಗಿಲು ತೆರೆದದ್ದು 2022ರಲ್ಲಿ. ಯಾರ ಊರಿನ ಕತೆಯೋ ಅವರ ಊರಿನಲ್ಲೇ ಪರದೆ ಇಲ್ಲ, ಮಿಕ್ಕ ಕಡೆಯವರೆಲ್ಲ ಜಗಳವಾಡಿದರು.

ಸೇನೆಯ ವಿಚಾರ. ಸಿನಿಮಾದಲ್ಲಿ ಚಿತ್ರಹಿಂಸೆಯ ಕ್ಯಾಂಪು ಇದೆ, ಅದು ನಿಮ್ಮನ್ನು ನೋಯಿಸಿದ್ದು ಸಹಜ. ಆದರೆ ಒಂದು ಗಮನಿಸಿ. ಹೈದರನ ಅಪ್ಪನನ್ನು ಹಿಡಿದುಕೊಟ್ಟವನು ಸ್ವಂತ ತಮ್ಮ. ಅಪ್ಪನ ಮಾತು ಹೊತ್ತು ತರುವ ರೂಹದಾರ್ (ಇರ್ಫಾನ್ ಖಾನ್) ಗಡಿಯಾಚೆಯ ಆಟದ ಮನುಷ್ಯ. ಹುಡುಗನ ಸಂಕಟವನ್ನು ಬಂದೂಕಿಗೆ ಗುಂಡಾಗಿ ತುಂಬುತ್ತಾನೆ. ಅಜ್ಜ ಆ ಬಂದೂಕಿನಿಂದ ಬಿಡುಗಡೆ ಸಿಗುವುದಿಲ್ಲ ಅನ್ನುತ್ತಾನೆ. ಈ ಚಿತ್ರದಲ್ಲಿ ಕೈ ತೊಳೆದುಕೊಂಡು ಹೋಗುವವರು ಯಾವ ಕಡೆಯೂ ಇಲ್ಲ. ಕೊನೆಗೆ ಆ ವರ್ಷದ ಸೆಪ್ಟೆಂಬರಿನ ಪ್ರವಾಹದಲ್ಲಿ ಸಾವಿರಾರು ಜೀವ ಉಳಿಸಿದ ಸೇನೆಗೆ ವಂದನೆ ಹೇಳುವ ಸಾಲುಗಳು ಪರದೆಯ ಮೇಲೆ ಬರುತ್ತವೆ. ಅದನ್ನು ನಾನು ವಾದಕ್ಕೆ ಬಳಸುವುದಿಲ್ಲ. ಆ ಸಾಲುಗಳು ಕತೆಯೊಳಗೆ ಇಲ್ಲ, ಕತೆ ಮುಗಿದ ಮೇಲೆ ಇವೆ.

ಇನ್ನೊಂದು ಆಕ್ಷೇಪದಲ್ಲಿ ನಾನು ನಿರ್ದೇಶಕರ ಪರ ನಿಲ್ಲಲಾರೆ. ‘ಬಿಸ್ಮಿಲ್’ ಹಾಡು ಚಿತ್ರೀಕರಣವಾದದ್ದು ಮಾರ್ತಾಂಡ ಸೂರ್ಯ ದೇವಾಲಯದ ಅವಶೇಷಗಳಲ್ಲಿ. ಎಂಟನೇ ಶತಮಾನದ ಲಲಿತಾದಿತ್ಯನ ಗುಡಿ ಅದು. ಅಲ್ಲಿ ಆಳೆತ್ತರದ ಗೊಂಬೆಗಳ ಕುಣಿತ, ಜಾಗಕ್ಕೆ ಸೈತಾನನ ಗುಹೆ ಎಂಬ ಹಣೆಪಟ್ಟಿ. ಕಾಶ್ಮೀರಿ ಪಂಡಿತರು ನೊಂದುಕೊಂಡರು. 1990ರಲ್ಲಿ ಮನೆಮಠ ಬಿಟ್ಟು ಓಡಿದವರ ಕತೆಗೆ ಎರಡೂವರೆ ಗಂಟೆಗೂ ಮೀರಿದ ಸಿನಿಮಾದಲ್ಲಿ ಜಾಗ ಸಿಕ್ಕಿದ್ದು ಹೆಚ್ಚೂಕಡಿಮೆ ಇಲ್ಲವೆನ್ನುವಷ್ಟು. ಅವರ ಗುಡಿ ಮಾತ್ರ ಹಾಡಿನ ಹಿನ್ನೆಲೆಗೆ ಬೇಕಾಯಿತು ಅಂದರೆ ಯಾರಿಗೆ ನೋವಾಗುವುದಿಲ್ಲ? ಕ್ಯಾಮೆರಾ ಕಣ್ಣಿಗೆ ಬಿದ್ದ ಚೆಂದ ನಿರ್ದೇಶಕರ ಯೋಚನೆಯನ್ನು ನುಂಗಿತು ಅಂತ ನನ್ನ ತೀರ್ಮಾನ.

ಹಾಗಿದ್ದೂ ಶಿಫಾರಸು ಹಿಂತೆಗೆದುಕೊಳ್ಳುವುದಿಲ್ಲ. ಹ್ಯಾಮ್ಲೆಟ್ ನಾಟಕದಲ್ಲೇ ಡೆನ್ಮಾರ್ಕನ್ನು ಜೈಲು ಅನ್ನುತ್ತಾರೆ, ಅಲ್ಲಿ ಏನೋ ಕೊಳೆತು ನಾರುತ್ತಿದೆ ಅನ್ನುತ್ತಾರೆ. ಡೆನ್ಮಾರ್ಕಿನವರು ಏನು ಮಾಡಿದರು ಗೊತ್ತೆ? ನಾಟಕದ ಕತೆ ನಡೆಯುವ ಎಲ್ಸಿನೋರಿನ ಕೋಟೆಯೊಳಗೇ 1816ರಿಂದ ಆಗಾಗ್ಗೆ ಅದೇ ನಾಟಕ ಆಡಿಸುತ್ತ ಬಂದಿದ್ದಾರೆ, ಟಿಕೆಟ್ಟು ಮಾರಿ. ಅವರದು ಹಳೆಯ ಕತೆ, ನಮ್ಮದು ಇನ್ನೂ ಹಸಿ ಗಾಯ, ಹೋಲಿಕೆ ಸರಿಯಲ್ಲ ಎಂದು ನೀವು ಹೇಳಬಹುದು. ಹೇಳಿದರೆ ಒಪ್ಪುತ್ತೇನೆ. ನೀವು ಕುಪ್ವಾರದ ದಿನಗಳನ್ನು ಬರೆಯಿರಿ, ಸಂಪಾದಕರ ಹತ್ತಿರ ಪುಟ ಕೇಳುವ ಜವಾಬ್ದಾರಿ ನನ್ನದು.

ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ
ಪ್ರ: ಸರ, ಶೇಕ್ಸ್‌ಪಿಯರ್ ಒಂದಕ್ಷರ ಓದಿಲ್ಲ. ನಾ ಈ ಸಿನಿಮಾ ನೋಡಿದ್ರ ತಿಳೀತದೇನ್ರಿ?

ಉ: ಓದಿದವರಿಗಿಂತ ಚೆನ್ನಾಗಿ ತಿಳೀತದ. ಓದಿದವರ ಕಷ್ಟ ಕೇಳಿ. ನನ್ನ ಜೊತೆ ನೋಡಿದ ಸಹೋದ್ಯೋಗಿಯೊಬ್ಬರು ಪೂರ್ತಿ ಸಿನಿಮಾ ‘ಇವಳು ಒಫೀಲಿಯಾ, ಇವನು ಪೊಲೋನಿಯಸ್, ಸಲ್ಮಾನ್ ಖಾನ್ ಹುಚ್ಚಿನ ಆ ಇಬ್ಬರು ರೋಸೆನ್‌ಕ್ರಾಂಟ್ಸ್–ಗಿಲ್ಡೆನ್‌ಸ್ಟರ್ನ್’ ಎಂದು ಹಾಜರಿ ತೆಗೆದುಕೊಳ್ಳುತ್ತಲೇ ಕಳೆದರು. ನನ್ನ ಅಕ್ಕ ಏಳನೇ ಕ್ಲಾಸು ಓದಿದವಳು. ಮನೆಗೆ ಬಂದು ಕಾಫಿ ಕುಡಿಯುವಾಗ ಕೇಳಿದ್ದು ಒಂದೇ: ‘ಆ ತಾಯಿಗೆ ಮೊದಲಿಂದ ಎಲ್ಲ ಗೊತ್ತಿತ್ತೇನೋ, ಇಲ್ಲವೇನೋ?’

ಇದು ವಿದ್ವಾಂಸರು ಇವತ್ತಿಗೂ ಬಗೆಹರಿಸಲಾಗದ ಪ್ರಶ್ನೆ. ಗಂಡನ ಕೊಲೆಯ ಸುದ್ದಿ ರಾಣಿ ಗರ್ಟ್ರೂಡಳಿಗೆ ತಿಳಿದಿತ್ತೇ ಎಂದು ಶೇಕ್ಸ್‌ಪಿಯರ್ ಬಾಯಿಬಿಟ್ಟು ಹೇಳುವುದಿಲ್ಲ. ಭಾರದ್ವಾಜ್–ಪೀರ್ ಜೋಡಿ ಅಲ್ಲಿ ಧೈರ್ಯ ಮಾಡಿದ್ದಾರೆ. ಮನೆಯಲ್ಲಿ ಉಗ್ರಗಾಮಿ ಇದ್ದಾನೆಂಬ ಮಾತು ಹೊರಬಿದ್ದದ್ದು ಗಝಾಲಾಳ ಬಾಯಿಂದಲೇ, ಭಯದಲ್ಲಿ, ಮೈದುನನನ್ನು ನಂಬಿ. ಮೋಸ ಮಾಡಿದವಳಲ್ಲ; ಹಾಗಂತ ಪೂರ್ತಿ ಮುಗ್ಧೆಯೂ ಅಲ್ಲ. ಗಂಡ ಸತ್ತನೋ ಇದ್ದಾನೋ ತಿಳಿಯದೆ ‘ಅರ್ಧ ವಿಧವೆ’ ಆದವಳು. ಕಾಶ್ಮೀರದಲ್ಲಿ ಕಾಣೆಯಾದವರ ಹೆಂಡತಿಯರಿಗೆ ಇದೇ ಹೆಸರು. ಅಕ್ಕನಿಗೆ ಇಷ್ಟು ವಿವರಿಸಿದೆ. ‘ಹಂಗಾದ್ರೆ ಅವಳ್ದೇ ಸಿನಿಮಾ ಅದು, ಮಗಂದಲ್ಲ’ ಅಂದಳು. ನನ್ನ ಸಹೋದ್ಯೋಗಿ ಎರಡೂವರೆ ಗಂಟೆ ಹಾಜರಿ ತೆಗೆದುಕೊಂಡರೂ ಈ ಮಾತು ಹೇಳಲಿಲ್ಲ.

ಓದುಗರು, ಮಂಗಳೂರು
ಪ್ರ: ತಾಯಿಯ ಮದುವೆಯ ದಿನ ಮಗ ಅವಳ ಕುತ್ತಿಗೆಗೆ ಅತ್ತರು ಹಚ್ಚುವ ದೃಶ್ಯ. ನಾವು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡವರು ಎಲ್ಲಿ ನೋಡಬೇಕು ಮಾರಾಯ್ರೆ?

ಉ: ಪರದೆಯನ್ನೇ ನೋಡಿ. ಆ ದೃಶ್ಯಕ್ಕೆ ಚಿತ್ರಮಂದಿರದಲ್ಲಿ ಏಕಕಾಲಕ್ಕೆ ಹತ್ತು ಜನಕ್ಕೆ ಕೆಮ್ಮು ಬರುತ್ತದೆ, ನಾನೇ ಕೇಳಿದ್ದೇನೆ. ಇದಕ್ಕೆ ಭಾರದ್ವಾಜರನ್ನು ಮಾತ್ರ ಬೈಯಬೇಡಿ. 1900ರ ಹೊತ್ತಿಗೆ ಮನೋವಿಶ್ಲೇಷಣೆಯ ಫ್ರಾಯ್ಡ್ ಮಹಾಶಯರು ಹ್ಯಾಮ್ಲೆಟ್ಟನ ತಡಕ್ಕೆ ತಾಯಿಯ ಮೇಲಿನ ಮೋಹವೇ ಕಾರಣ ಎಂದು ಬರೆದರು. ಆಮೇಲೆ ಲಾರೆನ್ಸ್ ಒಲಿವಿಯೆ 1948ರಲ್ಲಿ ಅದನ್ನು ಪರದೆಗೆ ತಂದರು. ಅದರಲ್ಲಿ ತಾಯಿಯಾದ ನಟಿ ಮಗನಾದ ಒಲಿವಿಯೆಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು! ಅದರ ಮುಂದೆ ನಮ್ಮ ತಬು ಶಾಹಿದ್‌ಗಿಂತ ಸುಮಾರು ಹತ್ತು ವರ್ಷ ದೊಡ್ಡವರಿದ್ದದ್ದು ಪುಣ್ಯ. ನನಗೆ ಫ್ರಾಯ್ಡನ ವ್ಯಾಖ್ಯಾನದ ಮೇಲೆ ಅಂಥ ಪ್ರೀತಿಯಿಲ್ಲ. ಆದರೆ ತಬು ಆ ದೃಶ್ಯದಲ್ಲಿ ಮಗನ ಕೈ ತಳ್ಳುವುದೂ ಇಲ್ಲ, ಹಿಡಿಯುವುದೂ ಇಲ್ಲ. ಮುಖದಲ್ಲಿ ಬರೀ ಹೆದರಿಕೆ. ಆ ಹೆದರಿಕೆಯನ್ನು ನೋಡಿದರೆ ಮಕ್ಕಳೂ ಅದನ್ನೇ ನೋಡುತ್ತಾರೆ.

ವ್ಯಾಪಾರಿ, ಚಿತ್ರದುರ್ಗ
ಪ್ರ: ದುಡ್ಡು ಮಾಡಿತಾ, ಇಲ್ಲವಾ? ಅಷ್ಟು ಹೇಳಿ.

ಉ: ಅದೇ ದಿನ ಹೃತಿಕ್ ರೋಷನ್ನರ ‘ಬ್ಯಾಂಗ್ ಬ್ಯಾಂಗ್’ ಬಂತು. ಗಲ್ಲಾಪೆಟ್ಟಿಗೆ ಯಾವ ಕಡೆ ಭಾರವಾಯಿತೆಂದು ನಿಮಗೆ ಹೇಳಬೇಕೆ? ಹೈದರ್‌ಗೆ ಐದು ರಾಷ್ಟ್ರಪ್ರಶಸ್ತಿ ಬಂದವು. ರೋಮ್ ಚಿತ್ರೋತ್ಸವದಲ್ಲಿ ತೀರ್ಪುಗಾರರಲ್ಲ, ಪ್ರೇಕ್ಷಕರೇ ಆರಿಸುವ ಪ್ರಶಸ್ತಿ ಬಂತು. ಅದನ್ನು ಬ್ಯಾಂಕಿಗೆ ಕಟ್ಟಲಾಗುವುದಿಲ್ಲ.

ಬ್ಯಾಂಕ್ ನೌಕರ, ದಾವಣಗೆರೆ
ಪ್ರ: ಭಾರದ್ವಾಜರದೇ ‘ಓಂಕಾರ’ ಬಂದಾಗ ಬೀಡಿ ಹಾಡು ಕೇಳಿ ಹೆಂಡತಿ, ಅತ್ತೆ ಎಲ್ಲರನ್ನೂ ಕರೆದುಕೊಂಡು ಹೋಗಿದ್ದೆ. ಮೊದಲ ಹತ್ತು ನಿಮಿಷದ ಬೈಗುಳಕ್ಕೇ ಅತ್ತೆ ಎದ್ದು ನಿಂತರು. ಇದೂ ಶೇಕ್ಸ್‌ಪಿಯರ್ ಅಂತೀರಲ್ಲ, ಅವನೂ ಹಿಂಗೇ ಬೈತಿದ್ದನಾ?

ಉ: ಹಿಂಗೇ ಅಲ್ಲ, ಇದಕ್ಕಿಂತ ಜೋರಾಗಿ. ಓಂಕಾರದ ಮೂಲವಾದ ಒಥೆಲೊ ನಾಟಕ ಶುರುವಾಗುವುದೇ ನಡುರಾತ್ರಿ ಖಳ ಇಯಾಗೊ ಒಬ್ಬ ಮರ್ಯಾದಸ್ಥರ ಕಿಟಕಿಯ ಕೆಳಗೆ ನಿಂತು, ಅವರ ಮಗಳ ಬಗ್ಗೆ ಟಗರು, ಕುರಿ, ಕುದುರೆ ಎಂದೆಲ್ಲ ಕೂಗುವುದರಿಂದ. ಕ್ಲಾಸಿನಲ್ಲಿ ಆ ಪುಟವನ್ನು ನಾವೆಲ್ಲ ವೇಗವಾಗಿ ದಾಟಿಸುತ್ತಿದ್ದೆವು. ಇಂಗ್ಲೆಂಡಿನಲ್ಲೇ 1807ರಲ್ಲಿ ಬೌಡ್ಲರ್ ಮನೆತನದವರು ಸಂಸಾರಸ್ಥರಿಗೆಂದು ಪೋಲಿ ಮಾತು ಕಿತ್ತುಹಾಕಿದ ಶೇಕ್ಸ್‌ಪಿಯರ್ ಸಂಪುಟ ಅಚ್ಚು ಹಾಕಿಸಿದ್ದರು. ನಿಮ್ಮ ಅತ್ತೆಯಂಥವರು ಎಲ್ಲ ಕಾಲದಲ್ಲೂ ಇದ್ದಾರೆ, ಅವರ ಮಾತಿಗೆ ಬೆಲೆಯೂ ಇದೆ. ಆದರೆ ಸ್ವಾಮಿ, 2006ರಲ್ಲಿ ಪೋಸ್ಟರಿನ ಮೇಲೆ ‘ಎ’ ಎಂದು ಇತ್ತಲ್ಲ, ಹಾಡಿನ ಗುಂಗಿನಲ್ಲಿ ಅದು ಕಾಣಲಿಲ್ಲವೇ?

ಇನ್ನೊಂದು ಸಲ ನೋಡುವ ಮನಸ್ಸಿದ್ದರೆ (ಅತ್ತೆ ಮಲಗಿದ ಮೇಲೆ) ಸೊಂಟಪಟ್ಟಿಯ ಮೇಲೆ ಕಣ್ಣಿಡಿ. ಮೂಲದಲ್ಲಿ ಅದು ಒಥೆಲೊಗೆ ಹೆಂಡತಿಯ ಮೇಲೆ ಅನುಮಾನ ಹುಟ್ಟಿಸುವ ಕರವಸ್ತ್ರ. 1693ರಲ್ಲಿ ಥಾಮಸ್ ರೈಮರ್ ಎಂಬ ವಿಮರ್ಶಕ, ಒಂದು ಕರವಸ್ತ್ರಕ್ಕೆ ಇಷ್ಟೆಲ್ಲ ರಂಪವೇ ಎಂದು ಗೇಲಿ ಮಾಡಿದ್ದ. ಹೋಗಲಿ, ಕಾಲಿಗೆ ಕಟ್ಟುವ ಪಟ್ಟಿ ಕಳೆದಿದ್ದರಾದರೂ ಗಂಡನಿಗೆ ಅನುಮಾನ ಬರುವುದಕ್ಕೆ ಅರ್ಥವಿತ್ತು ಎಂದು ಕುಟುಕಿದ್ದ. ಭಾರದ್ವಾಜರು ರೈಮರನನ್ನು ಓದಿದ್ದರೋ ಇಲ್ಲವೋ, ಅವನ ತಕರಾರಿಗೆ ಸರಿಯಾದ ಉತ್ತರ ಕೊಟ್ಟಿದ್ದಾರೆ. ಮನೆತನದ ಒಡವೆ, ಮೈಗೆ ತಾಗಿಕೊಂಡಿರುವ ಒಡವೆ, ಅದು ಇನ್ನೊಬ್ಬಳ ಸೊಂಟದಲ್ಲಿ ಕಂಡರೆ ಯಾವ ಗಂಡನಿಗೂ ಟಿಪ್ಪಣಿ ಬೇಕಿಲ್ಲ. ಹಾಗೆಯೇ ಒಥೆಲೊನ ಕಪ್ಪು ಮೈಬಣ್ಣದ ಜಾಗದಲ್ಲಿ ಓಂಕಾರನ ಹುಟ್ಟು ಬಂದಿದೆ. ಅಪ್ಪ ಬ್ರಾಹ್ಮಣ, ತಾಯಿ ಕೆಳಜಾತಿಯವಳು. ಬೆನ್ನ ಹಿಂದೆ ಅವನನ್ನು ಅರ್ಧ ಬ್ರಾಹ್ಮಣ ಅನ್ನುತ್ತಾರೆ. ಉತ್ತರ ಪ್ರದೇಶದ ಆ ಭಾಷೆ ನಿಮಗೆ ಅರ್ಧ ತಿಳಿಯದೆ ಹೋಗಿರಬಹುದು, ಅವಮಾನ ಮಾತ್ರ ಪೂರ್ತಿ ತಿಳಿದಿರುತ್ತದೆ. ನಮ್ಮೂರಲ್ಲಿ ಮದುವೆ ಮಾತುಕತೆಗೆ ಕೂತವರಿಗೆ ಅದರ ಅರ್ಥ ಹೇಳಿಕೊಡಬೇಕಿಲ್ಲ.

ಆಟೊ ಚಾಲಕ, ತುಮಕೂರು
ಪ್ರ: ನಮ್ಮ ಥಿಯೇಟ್ರಲ್ಲಿ ‘ಓಂಕಾರ’ದ ಲಂಗಡಾ ತ್ಯಾಗಿಗೆ ಬಿದ್ದಷ್ಟು ಶಿಳ್ಳೆ ಹೀರೊ ಅಜಯ್ ದೇವಗನ್‌ಗೂ ಬೀಳಲಿಲ್ಲ ಸಾರ್. ಮನೆಹಾಳನಿಗೆ ಯಾಕೆ ಶಿಳ್ಳೆ?

ಉ: ಅಷ್ಟರವರೆಗೆ ಸೈಫ್ ಅಲಿ ಖಾನ್ ಅಂದರೆ ನಗಿಸುವ, ನಾಜೂಕಿನ ಹುಡುಗ. ಅಂಥವನು ತಲೆ ಬೋಳಿಸಿದಂತೆ ಕತ್ತರಿಸಿ, ಹಲ್ಲು ಕಲೆಗಟ್ಟಿಸಿಕೊಂಡು, ಕುಂಟುತ್ತ ಬಂದರೆ ಶಿಳ್ಳೆ ಬೀಳದೆ ಇರುತ್ತದೆಯೆ? ಮೂಲ ನಾಟಕದಲ್ಲೂ ಒಥೆಲೊಗಿಂತ, ಲಂಗಡಾನ ಜಾಗದಲ್ಲಿರುವ ಇಯಾಗೊಗೇ ಹೆಚ್ಚು ಸಾಲು. ತಾನು ಮಾಡುವ ಮಸಲತ್ತನ್ನು ಅವನು ನಮಗೆ ಮಾತ್ರ ಮೊದಲೇ ಹೇಳುತ್ತಾನೆ. ಗುಟ್ಟು ಹೇಳಿದವನ ಕಡೆಗೆ ಮನಸ್ಸು ವಾಲುವುದು ಮನುಷ್ಯ ಸ್ವಭಾವ. ಮೇಲಾಗಿ ಲಂಗಡಾಗೆ ಅನ್ಯಾಯ ಆಗಿಯೂ ಇದೆ: ವರ್ಷಗಟ್ಟಲೆ ದುಡಿದವನನ್ನು ಬಿಟ್ಟು ಕಾಲೇಜು ಓದಿದ ಕೇಸು ಫಿರಂಗಿಗೆ ಪಟ್ಟ. ಪ್ರಮೋಷನ್ ತಪ್ಪಿಸಿಕೊಂಡ ಯಾರಿಗಾದರೂ ಅರ್ಥವಾಗುತ್ತದೆ.

ಕನ್ನಡಿಗರಿಗೆ ಇದು ಹೊಸತೇ? ರನ್ನ ‘ಗದಾಯುದ್ಧ’ ಬರೆದದ್ದು ಭೀಮನನ್ನು ಮೆರೆಸಲು. ಓದಿದವರ ಮನಸ್ಸು ಹೋದದ್ದು ಹೆಣಗಳ ನಡುವೆ ಕರ್ಣನನ್ನೂ ದುಶ್ಶಾಸನನನ್ನೂ ನೆನೆದು ಅಳುವ ದುರ್ಯೋಧನನ ಕಡೆಗೆ. ಬಿಎಂಶ್ರೀ ಅದೇ ಕಾವ್ಯದ ಪದ್ಯಗಳನ್ನು ಜೋಡಿಸಿ ದುರ್ಯೋಧನನ ರುದ್ರನಾಟಕವನ್ನೇ ಕಟ್ಟಿದರು. ಆದರೂ ತುಮಕೂರಿನಲ್ಲಿ ಕೊನೆಗೆ ಚಪ್ಪಾಳೆ ಯಾರಿಗೆ ಬಿತ್ತು ಅಂತ ನೀವು ಬರೆದಿಲ್ಲ. ನಾನು ನೋಡಿದ ಕಡೆ ಲಂಗಡಾನ ಹೆಂಡತಿ ಇಂದುವಿಗೆ. ಶೇಕ್ಸ್‌ಪಿಯರನಲ್ಲಿ ಇಯಾಗೊ ತನ್ನ ಹೆಂಡತಿಯನ್ನು ಕೊಂದು ತಾನು ಬಾಯಿಮುಚ್ಚಿ ಬದುಕಿರುತ್ತಾನೆ. ಇಲ್ಲಿ ಹೆಂಡತಿಯೇ (ಕೊಂಕಣಾ ಸೇನ್ ಶರ್ಮ) ಅವನನ್ನು ಮುಗಿಸುತ್ತಾಳೆ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಏಟಿಗೆ ಮೇಲಿನ ಬಾಲ್ಕನಿಯಿಂದ ಬಂದದ್ದು ಹೆಂಗಸರ ಚಪ್ಪಾಳೆ.

ಹವ್ಯಾಸಿ ರಂಗಕರ್ಮಿ, ಮೈಸೂರು
ಪ್ರ: ಹೈದರ್ ಕೊನೆಯಲ್ಲಿ ಖುರ್ರಂನನ್ನು ಕೊಲ್ಲುವುದೂ ಇಲ್ಲ, ತಾನು ಸಾಯುವುದೂ ಇಲ್ಲ. ದುರಂತವನ್ನು ಹೀಗೆ ತಿದ್ದುವ ಹಕ್ಕು ಇವರಿಗೆ ಕೊಟ್ಟವರು ಯಾರು?

ಉ: ಪ್ರೇಕ್ಷಕರು. ಅವರು ಕೊಟ್ಟು ಬಹಳ ಕಾಲವಾಯಿತು. 1681ರಲ್ಲಿ ನೇಹಮ್ ಟೇಟ್ ಎಂಬಾತ ಲಿಯರ್ ಮಹಾರಾಜನನ್ನು ಬದುಕಿಸಿ, ಕಿರಿಮಗಳು ಕಾರ್ಡೀಲಿಯಾಗೆ ಮದುವೆ ಮಾಡಿಸಿ ನಾಟಕ ಮುಗಿಸಿದ. ಇಂಗ್ಲಿಷ್ ರಂಗಭೂಮಿ ನೂರೈವತ್ತು ವರ್ಷ ಅದನ್ನೇ ನೋಡಿ ಸುಖಪಟ್ಟಿತು. ಶೇಕ್ಸ್‌ಪಿಯರನ ಪಠ್ಯಕ್ಕೆ ಸರಿಯಾಗಿ ಜಾಗ ಮರಳಿದ್ದು 1838ರಲ್ಲಿ. ವಿಮರ್ಶಕ ಡಾ. ಜಾನ್ಸನ್ನರಂಥ ಗಟ್ಟಿ ಮನುಷ್ಯರೇ ಕಾರ್ಡೀಲಿಯಾ ಸಾಯುವ ದೃಶ್ಯವನ್ನು ಮತ್ತೆ ಓದಲು ವರ್ಷಗಟ್ಟಲೆ ಧೈರ್ಯ ಮಾಡಿರಲಿಲ್ಲ. ನಮ್ಮಲ್ಲಿ ಆನಂದರಾಯರು 1889ರಲ್ಲಿ ರೋಮಿಯೊ–ಜೂಲಿಯೆಟ್ಟರನ್ನು ‘ರಾಮವರ್ಮ ಲೀಲಾವತಿ’ ಮಾಡಿದಾಗ ಸತ್ತ ಪ್ರೇಮಿಗಳು ದೇವರ ದಯೆಯಿಂದ ಎದ್ದು ಕೂತರು. ಮಂಗಳ ಹಾಡದೆ ಪರದೆ ಎಳೆದರೆ ಜನ ಮನೆಗೆ ಹೋಗುವುದು ಹೇಗೆ ಅನ್ನುವುದು ಅಂದಿನ ಚಿಂತೆ. ಕುವೆಂಪು ಹ್ಯಾಮ್ಲೆಟ್ಟನ್ನು ಬಿದನೂರಿನ ಅರಮನೆಗೆ ತಂದು ‘ರಕ್ತಾಕ್ಷಿ’ ಬರೆಯುವ ಕಾಲಕ್ಕೆ ಕನ್ನಡಕ್ಕೆ ಆ ಚಿಂತೆ ಬಿಟ್ಟಿತ್ತು.

ಹೈದರ್‌ನ ತಿದ್ದುಪಡಿ ಟೇಟನ ತರಹದ್ದಲ್ಲ. ಇಲ್ಲಿ ಸುಖಾಂತವೇನೂ ಇಲ್ಲ. ಮಗನನ್ನು ಉಳಿಸಲು ತಾಯಿ ಮೈಗೆ ಬಾಂಬು ಕಟ್ಟಿಕೊಂಡು ಸಿಡಿಯುತ್ತಾಳೆ. ಎರಡೂ ಕಾಲು ಹೋದ ಖುರ್ರಂ ಮಂಜಿನ ಮೇಲೆ ತೆವಳುತ್ತ, ಕೊಂದುಬಿಡು ಅಂತ ಬೇಡುತ್ತಾನೆ. ಹೈದರ್ ಪಿಸ್ತೂಲು ಹಿಡಿದವನು ತಿರುಗಿ ನಡೆದುಬಿಡುತ್ತಾನೆ. ನಾನು ನೋಡಿದ ಆಟದಲ್ಲಿ ಹಿಂದಿನ ಸಾಲಿನಿಂದ ‘ಹೊಡಿಯೋ, ಹೊಡಿ!’ ಅಂತ ಕೂಗು ಬಂತು. ಹೊಡೆಯದಿದ್ದಾಗ ಇನ್ನೊಬ್ಬರು ‘ಥತ್’ ಅಂದರು. ಮುಂದಿನ ಸಾಲಿನ ಮುದುಕರೊಬ್ಬರು ತಲೆದೂಗಿದರು.

ನನ್ನ ಅಭಿಪ್ರಾಯ ಕೇಳಿದರೆ, ಥತ್ ಅಂದವರ ಪಕ್ಕ ಅರ್ಧ ಕುರ್ಚಿಯಲ್ಲಿ ಕೂರುತ್ತೇನೆ. ಕೊಲ್ಲದಿದ್ದದ್ದಕ್ಕೆ ನನ್ನ ತಕರಾರಿಲ್ಲ. ಸೇಡಿನಿಂದ ಸೇಡೇ ಹುಟ್ಟುತ್ತದೆ ಎಂದು ತಾಯಿ ಹೇಳಿದ ಮಾತು ಅಲ್ಲಿ ಮತ್ತೆ ಕಿವಿಗೆ ಬೀಳುತ್ತದೆ ನೋಡಿ, ಅದು ಬೇಡವಿತ್ತು. ಶಾಹಿದ್‌ನ ಮುಖ ಅಷ್ಟನ್ನೂ ಹೇಳುತ್ತಿತ್ತು. ಪ್ರೇಕ್ಷಕರಿಗೆ ತಿಳಿಯಲಿಕ್ಕಿಲ್ಲ ಎಂಬ ಅನುಮಾನ ದೊಡ್ಡ ನಿರ್ದೇಶಕರನ್ನೂ ಬಿಡುವುದಿಲ್ಲ. ಇನ್ನೊಂದು, ನಾಟಕದಲ್ಲಿ ಎಲ್ಲರೂ ಸತ್ತ ಮೇಲೆ ಹೊರಗಿನ ರಾಜಕುಮಾರನೊಬ್ಬ ಬಂದು ಹೆಣಗಳನ್ನು ನೋಡಿ, ಅಧಿಕಾರ ಕೈಗೆ ತೆಗೆದುಕೊಳ್ಳುತ್ತಾನೆ. ಸಿನಿಮಾದಲ್ಲಿ ಅಂಥವರು ಯಾರೂ ಬರುವುದಿಲ್ಲ. ಆ ಜಾಗ ಖಾಲಿ ಬಿಟ್ಟದ್ದು ಮಾತ್ರ ಸರಿ ಎನಿಸಿತು.

ಕಾಲೇಜು ವಿದ್ಯಾರ್ಥಿನಿ, ಹಾಸನ
ಪ್ರ: ‘ಖಯಾಮತ್ ಸೆ ಖಯಾಮತ್ ತಕ್’ ನೋಡಿ ನಮ್ಮಮ್ಮ ಈಗಲೂ ಅಳ್ತಾರೆ. ಹೈದರ್ ನೋಡಿ ಕಣ್ಣಲ್ಲಿ ಒಂದು ಹನಿ ಇಲ್ಲ. ಎರಡೂ ದುರಂತವೇ ಅಲ್ವಾ ಸರ್?

ಉ: 1988ರ ಆ ಇಬ್ಬರು ಮಕ್ಕಳು ಯಾರಿಗೂ ಕೇಡು ಬಗೆದವರಲ್ಲ, ತಪ್ಪೆಲ್ಲ ದೊಡ್ಡವರದು. ಅಳಲು ದಾರಿ ಸಲೀಸು. ಹೈದರ್ ತನ್ನ ಹುಡುಗಿಯ ಅಪ್ಪನನ್ನೇ ಕೊಂದವನು. ಅಪ್ಪನಿಗೆಂದು ಹೆಣೆದ ಕೆಂಪು ಮಫ್ಲರಿನ ಎಳೆ ಬಿಚ್ಚುತ್ತ ಆ ಹುಡುಗಿ ಕೂತಿರುವುದನ್ನು ನೋಡುವಾಗ ನಾವು ಯಾರ ಪರ ಅಳಬೇಕು? ಅಮ್ಮನಿಗೆ ಮಫ್ಲರಿನ ದೃಶ್ಯದಲ್ಲೂ ಏನೂ ಆಗಲಿಲ್ಲವೇ, ಇಲ್ಲ ನಿಮ್ಮೆದುರು ತಡೆದುಕೊಂಡರೇ? ಕೇಳಿ ಬರೆಯಿರಿ.

ಫಿಲಂ ಸೊಸೈಟಿ ಕಾರ್ಯದರ್ಶಿ, ಸಾಗರ
ಪ್ರ: ಭಾರದ್ವಾಜರ ಮೂರೂ ಶೇಕ್ಸ್‌ಪಿಯರ್ ಚಿತ್ರ ತೋರಿಸೋಣ ಅಂತಿದ್ದೇವೆ. ಯಾವ ಕ್ರಮದಲ್ಲಿ? ಉದ್ಘಾಟನೆಗೆ ನೀವೇ ಬರಬೇಕು.

ಉ: ಬಂದ ಕ್ರಮದಲ್ಲೇ ತೋರಿಸಿ. ಮೊದಲು 2004ರ ‘ಮಕ್ಬೂಲ್’. ಮ್ಯಾಕ್‌ಬೆತ್ ಕತೆ, ಮುಂಬೈ ಭೂಗತ ಲೋಕ. ಮಾಟಗಾತಿಯರ ಜಾಗದಲ್ಲಿ ಜಾತಕ ಬರೆಯುವ ಇಬ್ಬರು ಪೊಲೀಸರು, ಓಂ ಪುರಿ ಮತ್ತು ನಾಸಿರುದ್ದೀನ್ ಶಾ. ಅದು ಥಿಯೇಟರಿಗೆ ಬಂದಾಗ ನಮ್ಮ ಸುತ್ತ ಖಾಲಿ ಕುರ್ಚಿಗಳೇ ಇದ್ದವು. ಈಗ ಯಾರನ್ನು ಕೇಳಿದರೂ ‘ಆಗಲೇ ನೋಡಿದ್ದೆ’ ಅನ್ನುತ್ತಾರೆ, ಎಲ್ಲಿ ಕೂತಿದ್ದರೋ! ಪಂಕಜ್ ಕಪೂರರ ಅಬ್ಬಾಜಿ ಬಾಯಲ್ಲಿ ಪಾನು ಇಟ್ಟುಕೊಂಡೇ ಮಾತಾಡುವುದರಿಂದ ಧ್ವನಿವರ್ಧಕ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ. ಓಂಕಾರಕ್ಕೆ ಸಬ್‌ಟೈಟಲ್ ಇರಲೇಬೇಕು, ಮಕ್ಕಳು ಬೇಡ. ಹೈದರ್‌ಗೆ ಭಾನುವಾರ ಬೆಳಿಗ್ಗೆ ಇಡಿ, ಚರ್ಚೆ ಮಧ್ಯಾಹ್ನದವರೆಗೆ ಎಳೆಯುತ್ತದೆ, ಊಟಕ್ಕೆ ಏರ್ಪಾಡಿರಲಿ. ಮಡಿಕೇರಿಯ ಸುಬೇದಾರ್ ಸಾಹೇಬರನ್ನೂ ಕರೆಯಿರಿ, ವಿಳಾಸ ಸಂಪಾದಕರಲ್ಲಿದೆ. ಅವರಿಗೆ ಮೈಕು ಕೊಟ್ಟು ಅರ್ಧಕ್ಕೆ ಕಿತ್ತುಕೊಳ್ಳಬೇಡಿ. ನಾನು ಬರುತ್ತೇನೆ, ಉದ್ಘಾಟನಾ ಭಾಷಣ ಬೇಡ. ಸಿನಿಮಾಕ್ಕೆ ಮೊದಲು ಇಂಗ್ಲಿಷ್ ಮೇಷ್ಟ್ರ ಕೈಗೆ ಮೈಕು ಸಿಕ್ಕರೆ ಏನಾಗುತ್ತದೆಂದು ಶಿರಸಿಯ ಯಜಮಾನರನ್ನು ಕೇಳಿ.